ಅಳಿಸಿದರೂ ನಿಂತಿದ್ದ ಕಂಬ

"ಅಳಿಸಿದೆ ಸರ್. ಆದರೂ ಇದೆ." ಮಂಗಳವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ.

ನಕ್ಷೆಯಲ್ಲಿ ಆರು ಸಾಲು, ಸಾಲಿಗೆ ಆರರಂತೆ 36 ದುಂಡು ಕಂಬಗಳು. ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ ಮಾತ್ರ ವೃತ್ತಗಳು 72 ಎನ್ನುತ್ತಿತ್ತು. ಕಾಂಕ್ರೀಟಿನ ಲೆಕ್ಕ ಹಾಕುವ ಹಿರಿಯರು ಸಾಫ್ಟ್‌ವೇರಿಗೇ ಬೈದರು. ತಮ್ಮ ಕಣ್ಣಿಗೆ ಕಾಣದ್ದನ್ನು ಒಪ್ಪುವ ಪೈಕಿಯಲ್ಲ ಅವರು. ಹೊಸ ಹುಡುಗ ಒಂದು ಕಂಬವನ್ನು ಕ್ಲಿಕ್ಕಿಸಿ ಡಿಲೀಟ್ ಒತ್ತಿದ. ಕಂಬ ನಿಂತಲ್ಲೇ ನಿಂತಿತ್ತು. ಬೆರಳು ಇನ್ನೂ ಕೀಲಿಯ ಮೇಲಿತ್ತು, ದನಿ ಉಡುಗಿತ್ತು: "ಅಳಿಸಿದೆ ಸರ್. ಆದರೂ ಇದೆ." ಮತ್ತೊಮ್ಮೆ ಕ್ಲಿಕ್ಕಿಸಿ ಒತ್ತಿದ. ಈಗ ಜಾಗ ಖಾಲಿ.

ನಡೆದದ್ದು ಇಷ್ಟೇ. ಹುಡುಗ ಬೇರೆ ಕಡತದಿಂದ ಕಂಬಗಳನ್ನು ಕಾಪಿ ಮಾಡಿ, ಮೂಲ ಸ್ಥಾನಾಂಕದಲ್ಲೇ ಪೇಸ್ಟ್ ಮಾಡಿದ್ದಾನೆ. ಪರದೆಯಲ್ಲಿ ಆಗ ಮೆಟ್ಟಿಲಿನ ಮೂಲೆಯಷ್ಟೇ ಹಿಗ್ಗಿ ನಿಂತಿತ್ತಾದ್ದರಿಂದ ಏನೂ ಕಾಣಲಿಲ್ಲ. ಆಗಲಿಲ್ಲವೆಂದುಕೊಂಡು ಇನ್ನೊಮ್ಮೆ ಪೇಸ್ಟ್ ಮಾಡಿದ್ದಾನೆ. ನಕಲು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಆವತ್ತೇ ಸಿಕ್ಕಿಬೀಳುತ್ತಿತ್ತು. ತಪ್ಪು ಅಷ್ಟು ಕರಾರುವಾಕ್ಕಾಗಿದ್ದರಿಂದಲೇ ಮೂರು ವಾರ ಬದುಕಿತು.

ಓವರ್‌ಕಿಲ್ ಆದೇಶ ಕೊಟ್ಟೆ. ಒಂದರ ಮೇಲೊಂದು ಕುಳಿತ ಜೋಡಿಗಳಲ್ಲಿ ಒಂದೊಂದನ್ನು ತೆಗೆದುಹಾಕುವುದೇ ಅದರ ಕೆಲಸ. ಪರದೆಯ ಮೇಲೆ ಒಂದು ಗೆರೆಯೂ ಬದಲಾಗಲಿಲ್ಲ, ಲೆಕ್ಕ ಮಾತ್ರ ಇಳಿಯಿತು. ಹಿರಿಯರು "ಏನೂ ಆಗಲಿಲ್ಲವಲ್ಲ" ಎಂದರು. ಅವರಿಗೆ ಉತ್ತರಿಸುವ ತಾಳ್ಮೆ ನನಗಿರಲಿಲ್ಲ.

ಕಂಬವನ್ನು ಬ್ಲಾಕ್, ಅಂದರೆ ಒಮ್ಮೆ ಬಿಡಿಸಿ ಬೇಕಾದಲ್ಲೆಲ್ಲ ಇಡುವ ಅಚ್ಚು, ಮಾಡಿಕೊಳ್ಳಬೇಕಿತ್ತು ಎಂದು ಹುಡುಗನಿಗೆ ಹೇಳಿದೆ. ವ್ಯಾಖ್ಯೆ ಒಂದೇ, ಉಳಿದವೆಲ್ಲ ಅದರ ಉಲ್ಲೇಖಗಳು. ಆ ವ್ಯಾಖ್ಯೆಯನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. 1963ರಲ್ಲೇ ಐವಾನ್ ಸದರ್‌ಲ್ಯಾಂಡ್ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ತಮ್ಮ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮಿನಲ್ಲಿ ಈ ಉಪಾಯ ತೋರಿಸಿದ್ದರು. ನಾವಿನ್ನೂ ಕಾಪಿ, ಪೇಸ್ಟ್‌ನಲ್ಲೇ ಇದ್ದೇವೆ. ಹಾಗೆಂದು ಬ್ಲಾಕನ್ನೂ ಎರಡು ಸಲ ಒಂದೇ ಕಡೆ ಇಡಬಹುದು, ಅದನ್ನು ಆ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಉಪದೇಶದ ಹುರುಪಿನಲ್ಲಿದ್ದೆ.

ಹುಡುಗ ಸುಮ್ಮನೆ ಕೇಳಿದ: "ಸರ್, ಈಗ ಹೋದದ್ದು ಮೂಲವೋ, ನಕಲೋ?"

ಎರಡಕ್ಕೂ ಬೇರೆ ಬೇರೆ ಗುರುತುಸಂಖ್ಯೆ ಇರುತ್ತದೆ, ನೋಡಿ ಹೇಳಬಹುದಿತ್ತು. ಆದರೆ ಮೂಲ ಎಂದುಕೊಂಡದ್ದೂ ಬೇರೆ ಕಡತದಿಂದ ಬಂದ ನಕಲೇ ಅಲ್ಲವೇ? ಆ ಕಡತಕ್ಕೆ ಅದು ಎಲ್ಲಿಂದ ಬಂದಿತ್ತೋ. "ಕಡತ ಉಳಿಸು" ಎಂದೆ. ಉಳಿಸಿದ. ಆಮೇಲೆ, ಯಾಕೋ, ಅದರದೊಂದು ಪ್ರತಿಯನ್ನೂ ತೆಗೆದಿಟ್ಟ.