ಲಂಡನ್ನಿನಲ್ಲಿ ಒಳ್ಳೆಯ ಬಟ್ಟೆ, ಶೂ ಎಲ್ಲಿ ಕೊಳ್ಳಬೇಕು?

ಬೇಸಿಗೆ ಬಂತೆಂದರೆ ಊರಿನಿಂದ ಲಂಡನ್ನಿಗೆ ಬರುವ ಬಂಧುಗಳು, ಗೆಳೆಯರು, ಆ ಗೆಳೆಯರ ಪರಿಚಯದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: “ಇಷ್ಟು ದೂರ ಬಂದಿದ್ದೇವೆ, ಬಾಳಿಕೆ ಬರುವಂಥ ಒಂದು ಸೂಟು, ಒಂದೆರಡು ಶರ್ಟು, ಒಂದು ಜೊತೆ ಒಳ್ಳೆಯ ಶೂ ತೆಗೆದುಕೊಳ್ಳಬೇಕು. ಎಲ್ಲಿಗೆ ಹೋಗುವುದು?” ಸೂಟನ್ನು ಕೈಬಿಡಿ, ಶರ್ಟನ್ನು ನೋಡಿ ಕೊಳ್ಳಿ, ಎತ್ತಿಟ್ಟ ಹಣದಲ್ಲಿ ಹೆಚ್ಚಿನ ಪಾಲನ್ನು ಶೂಗೆ ಹಾಕಿ ಎನ್ನುವುದು ನನ್ನ ಉತ್ತರ. ಆ ಶೂವನ್ನು ಜರ್ಮಿನ್ ಸ್ಟ್ರೀಟಿನಲ್ಲಿ ಕಾಲಿಗೆ ಹಾಕಿ ನೋಡಿ. ಒಂದು ದಿನ ಬಿಡುವಿದ್ದರೆ ರೈಲು ಹತ್ತಿ ಶೂ ಕಾರ್ಖಾನೆಗಳ ಊರಾದ ನಾರ್ಥಾಂಪ್ಟನ್ನಿಗೆ ಹೋಗಿ ಕೊಳ್ಳಿ.

ಸೂಟು ಬೇಡವೆನ್ನಲು ಕಾರಣವಿದೆ. ಸ್ಯಾವಿಲ್ ರೋ ಎಂಬ ದರ್ಜಿಗಳ ಬೀದಿಯ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಹೆನ್ರಿ ಪೂಲ್ ಅಂಗಡಿಯ ಬಾಗಿಲು ಆ ಬೀದಿಗೆ ತೆರೆದುಕೊಂಡದ್ದು 1846ರಲ್ಲಿ. ಅಲ್ಲಿ ಅಳತೆ ಕೊಟ್ಟು ಹೊಲಿಸುವ ಸೂಟಿಗೆ ಹಲವು ಸಾವಿರ ಪೌಂಡು ಬೀಳುವುದು ಒತ್ತಟ್ಟಿಗಿರಲಿ, ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಮೈಮೇಲೆ ತೊಡಿಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಮತ್ತೆ ಬಿಚ್ಚಿ ಹೊಲಿಯುವ ಕೆಲಸ ವಾರಗಟ್ಟಲೆ ಅಂತರದಲ್ಲಿ ಹಲವು ಸಲ ನಡೆಯಬೇಕಾದ್ದರಿಂದ, ಹದಿನೈದು ದಿನದ ಪ್ರವಾಸಕ್ಕೆ ಬಂದವರಿಗೆ ಅದು ಒಗ್ಗುವುದಿಲ್ಲ. ಸಿದ್ಧ ಸೂಟುಗಳಾದರೆ ಹೆಚ್ಚಿನವು ಇಲ್ಲಿನ ಚಳಿಯನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದವು: ದಪ್ಪ ಉಣ್ಣೆ, ಒಳಗೆಲ್ಲ ಲೈನಿಂಗು, ಭುಜದಲ್ಲಿ ಪ್ಯಾಡು. ಏಪ್ರಿಲ್ ತಿಂಗಳ ಕಲ್ಯಾಣಮಂಟಪದಲ್ಲಿ ಅದನ್ನು ತೊಟ್ಟು ನಿಲ್ಲುವುದು ಶಿಕ್ಷೆಯೇ ಸರಿ. ಸೂಟಿನ ಆಸೆ ಬಿಡಲಾರದವರು ಬಟ್ಟೆಯನ್ನಷ್ಟೇ ಒಯ್ಯಬಹುದು. ಸೋಹೋದ ಬರ್ವಿಕ್ ಸ್ಟ್ರೀಟಿನಲ್ಲಿ ಬಟ್ಟೆ ಕತ್ತರಿಸಿ ಮಾರುವ ಅಂಗಡಿಗಳಿವೆ. ಹಡರ್ಸ್‌ಫೀಲ್ಡ್ ಮಗ್ಗಗಳಲ್ಲಿ ಬಿಗಿಯಾಗಿ ಹುರಿ ಮಾಡಿದ ನೂಲಿನಿಂದ ಸಡಿಲವಾಗಿ ನೇಯ್ದ, ಬೆಳಕಿಗೆ ಹಿಡಿದರೆ ಆಚೆಬದಿ ಮಸುಕಾಗಿ ಕಾಣುವ ಉಣ್ಣೆಯನ್ನು ಕೇಳಿ. ಗಾಳಿಯಾಡುವ, ಮುದುಡಿದರೂ ತಾನೇ ಸರಿಹೋಗುವ ಆ ಬಟ್ಟೆಯನ್ನು ಸುಮಾರು ಮೂರೂವರೆ ಮೀಟರ್ ಕೊಂಡರೆ, ನಿಮ್ಮ ಮೈಯಳತೆ ಬಲ್ಲ ಬೆಂಗಳೂರಿನ ದರ್ಜಿಯೇ ಒಳ್ಳೆಯ ಸೂಟು ಹೊಲಿದುಕೊಡುತ್ತಾರೆ.

ಶರ್ಟು ಮತ್ತು ಶೂ ಎರಡಕ್ಕೂ ಜರ್ಮಿನ್ ಸ್ಟ್ರೀಟೇ ಸರಿ. ಪಿಕಡಿಲಿಯ ದಕ್ಷಿಣಕ್ಕೆ, ಅದಕ್ಕೆ ಸಮಾನಾಂತರವಾಗಿ ಸಾಗುವ ಈ ಪುಟ್ಟ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಹತ್ತು ನಿಮಿಷವೂ ಬೇಡ. 1885ರಲ್ಲಿ ಹುಟ್ಟಿದ ಟರ್ನ್‌ಬುಲ್ ಅಂಡ್ ಆಸರ್ 1903ರಿಂದ ಇಲ್ಲಿನ ಮೂಲೆ ಕಟ್ಟಡದಲ್ಲಿದೆ. ಯಾವ ಅಂಗಡಿಗೆ ಹೋದರೂ ಬೆಲೆಚೀಟಿಗಿಂತ ಮೊದಲು ಶರ್ಟಿನ ಹೆಗಲನ್ನು ನೋಡಿ. ಪಟ್ಟೆ ಬಟ್ಟೆಯಾದರೆ ಹೆಗಲಿನ ಪಟ್ಟೆ ತೋಳಿನ ಪಟ್ಟೆಗೆ ಗೆರೆ ತಪ್ಪದೆ ಕೂಡಿಕೊಂಡಿದೆಯೇ, ಗುಂಡಿಗಳು ತಣ್ಣಗಿನ ಮುತ್ತಿನ ಚಿಪ್ಪಿನವೇ, ಪಕ್ಕದ ಹೊಲಿಗೆ ಸಣ್ಣದಾಗಿ, ಒತ್ತೊತ್ತಾಗಿ ಬಿದ್ದಿದೆಯೇ ಎಂದು ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ. ಇಲ್ಲಿ ಕಾಲರಿನ ಅಳತೆಯ ಜೊತೆಗೆ ತೋಳಿನ ಉದ್ದವನ್ನೂ ಬೇರೆ ಬೇರೆಯಾಗಿ ಆಯ್ದುಕೊಳ್ಳಲು ಬಿಡುವ ಅಂಗಡಿಗಳಿವೆ. ಸಿದ್ಧ ಶರ್ಟಿನ ತೋಳು ಸದಾ ಅಂಗೈಗಿಳಿಯುವವರಿಗೆ ಅದೊಂದೇ ಸಾಕಷ್ಟು ದೊಡ್ಡ ಉಪಕಾರ. ಮೂರು ಕೊಂಡರೆ ಇಷ್ಟು, ನಾಲ್ಕು ಕೊಂಡರೆ ಇಷ್ಟು ಎಂಬ ಫಲಕಗಳಿಗೆ ಮರುಳಾಗಬೇಡಿ. ಅಂಥ ಶರ್ಟು ನಮ್ಮೂರಲ್ಲೂ ಸಿಗುತ್ತದೆ.

ಇನ್ನು ಶೂ. ಜರ್ಮಿನ್ ಸ್ಟ್ರೀಟಿನ ಶೂ ಅಂಗಡಿಗಳಲ್ಲಿ ಹೆಚ್ಚಿನವುಗಳ ಬೇರು ಇರುವುದು ನಾರ್ಥಾಂಪ್ಟನ್‌ಶೈರ್ ಜಿಲ್ಲೆಯಲ್ಲಿ. ಟ್ರಿಕರ್ಸ್ 1829ರದು, ಕ್ರಾಕೆಟ್ ಅಂಡ್ ಜೋನ್ಸ್ 1879ರದು, ಎಡ್ವರ್ಡ್ ಗ್ರೀನ್ 1890ರದು. ಅದೇ ಜಿಲ್ಲೆಯ ಕೆಟರಿಂಗ್ ಊರಿನ ಲೋಕ್ 1880ರದು. ಹದ ಮಾಡಲು ಬೇಕಾದ ಓಕ್ ಮರದ ತೊಗಟೆ, ನೆನ್ ನದಿಯ ನೀರು, ಸುತ್ತಲಿನ ಹುಲ್ಲುಗಾವಲಿನ ದನಗಳ ತೊಗಲು ಮೂರೂ ಒಂದೆಡೆ ಸಿಕ್ಕಿದ್ದರಿಂದ ಅಲ್ಲಿ ಈ ಕಸುಬು ಬೇರೂರಿತು. 1642ರ ಇಂಗ್ಲೆಂಡಿನ ಅಂತರ್ಯುದ್ಧದ ಹೊತ್ತಿಗಾಗಲೇ ಸೈನ್ಯಕ್ಕೆ ಸಾವಿರಾರು ಜೊತೆ ಶೂ ಒದಗಿಸುವಷ್ಟು ಅದು ಬೆಳೆದಿತ್ತು. ನಾರ್ಥಾಂಪ್ಟನ್ ಊರಿನ ಫುಟ್‌ಬಾಲ್ ತಂಡವನ್ನು ಜನ ಇಂದಿಗೂ ಕರೆಯುವುದು ‘ಕಾಬ್ಲರ್ಸ್’, ಅಂದರೆ ಜೋಡು ಹೊಲಿಯುವವರು, ಎಂದೇ.

ಈ ಶೂಗಳ ಹೆಚ್ಚುಗಾರಿಕೆ ಅಟ್ಟೆ ಕೂಡಿಸುವ ಬಗೆಯಲ್ಲಿದೆ. ಅಗ್ಗದ ಶೂವಿನಲ್ಲಿ ಅಟ್ಟೆಯನ್ನು ಅಂಟಿನಿಂದ ಅಂಟಿಸಿರುತ್ತಾರೆ, ಸವೆದರೆ ಎಸೆಯಬೇಕು. ಇಲ್ಲಿ ಮೇಲಿನ ತೊಗಲನ್ನೂ ಒಳ ಅಟ್ಟೆಯನ್ನೂ ವೆಲ್ಟ್ ಎಂಬ ತೊಗಲಿನ ಪಟ್ಟಿಗೆ ಸೇರಿಸಿ ಹೊಲಿದು, ನಡುವಿನ ಪೊಳ್ಳಿಗೆ ಕಾರ್ಕ್ ತುಂಬಿ, ಹೊರ ಅಟ್ಟೆಯನ್ನು ಆ ಪಟ್ಟಿಗೆ ಬೇರೆಯೇ ಹೊಲಿಗೆಯಿಂದ ಕೂಡಿಸುತ್ತಾರೆ. ಸವೆದಾಗ ಹೊರಗಿನ ಹೊಲಿಗೆಯನ್ನಷ್ಟೇ ಬಿಚ್ಚಿ ಹೊಸ ಅಟ್ಟೆ ಹಾಕಬಹುದು. ಮೇಲಿನ ತೊಗಲಿಗೆ ನೋವಾಗುವುದಿಲ್ಲ. ಗುಡ್‌ಇಯರ್ ವೆಲ್ಟ್ ಎನ್ನುವುದು ಇದನ್ನೇ. ಹೀಗೆ ಇನ್ನೂರಕ್ಕೂ ಹೆಚ್ಚು ಹಂತ ದಾಟಿ ಒಂದು ಜೊತೆ ಹೊರಬರಲು ಸುಮಾರು ಎಂಟು ವಾರ ಬೇಕಾಗುತ್ತದೆ. ಎಡ್ವರ್ಡ್ ಗ್ರೀನ್ ಜೋಡಿಯ ಬೆಲೆ 1,000 ಪೌಂಡು ದಾಟಿದೆ, ಕ್ರಾಕೆಟ್‌ನದು ಅದಕ್ಕಿಂತ ಸಾಕಷ್ಟು ಕಡಿಮೆ, ಲೋಕ್‌ನದು ಇನ್ನೂ ಕಡಿಮೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ನಡುವಿನ ಬೆಲೆಯ ಕಪ್ಪು ಅಥವಾ ಗಾಢ ಕಂದು ಬಣ್ಣದ, ಲೇಸ್ ಕಟ್ಟುವ ಸಾದಾ ಮಾದರಿ.

ಅಳತೆಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಭಾರತದಲ್ಲಿ ನಡೆಯುವುದೂ ಬ್ರಿಟಿಷ್ ಅಳತೆಯೇ ಆದ್ದರಿಂದ “ನನ್ನದು ಒಂಬತ್ತು” ಎಂದು ಹೇಳಿ ತೆಗೆದುಕೊಂಡುಬಿಡುವವರಿದ್ದಾರೆ. ಆದರೆ ಸ್ಪೋರ್ಟ್ಸ್ ಶೂವಿನ ಒಂಬತ್ತು ಇಲ್ಲಿ ಎಂಟೂವರೆಯೋ ಎಂಟೋ ಆಗುವುದು ಸಾಮಾನ್ಯ. ಶೂ ಹೊಲಿಯುವಾಗ ಒಳಗಿಡುವ, ಪಾದದ ಆಕಾರದ ಅಚ್ಚುಗಳು ಹಲವಾರು; ಒಂದೊಂದು ಅಚ್ಚಿನ ಮೇಲೆ ಮಾಡಿದ ಶೂ ಒಂದೊಂದು ಬಗೆಯಲ್ಲಿ ಕೂರುತ್ತದೆ. ಉದ್ದದಷ್ಟೇ ಅಗಲವೂ ಮುಖ್ಯ. ಅಗಲವನ್ನು ಇ, ಎಫ್, ಜಿ ಎಂದು ಅಕ್ಷರಗಳಲ್ಲಿ ಗುರುತಿಸುತ್ತಾರೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿ ಬೆಳೆದ ನಮ್ಮಲ್ಲಿ ಅನೇಕರ ಪಾದ ಬೆರಳುಗಳ ಬುಡದಲ್ಲಿ ಹರಡಿಕೊಂಡಿರುತ್ತದೆ; ಅಂಥವರು ಇಕ್ಕಟ್ಟಾಯಿತೆಂದು ಉದ್ದದ ಅಳತೆ ಏರಿಸಿದರೆ ಹಿಮ್ಮಡಿ ಜಾರುತ್ತದೆ, ಶೂ ಮಡಚುವ ಜಾಗವೂ ತಪ್ಪುತ್ತದೆ. ಅದೇ ಉದ್ದದಲ್ಲಿ ಹೆಚ್ಚು ಅಗಲದ್ದನ್ನು ಕೇಳಿ. ಮಧ್ಯಾಹ್ನದ ಮೇಲೆ, ನಡೆದು ಪಾದ ತುಸು ಊದಿಕೊಂಡಿರುವಾಗ ಹೋಗಿ. ಎರಡೂ ಕಾಲಿಗೆ ಹಾಕಿ, ಲೇಸ್ ಬಿಗಿದು, ಎದ್ದು ನಿಂತು ನೋಡಿ. ಪಾದದ ಅತಿ ಅಗಲವಾದ ಭಾಗ ಶೂವಿನ ಅತಿ ಅಗಲವಾದ ಭಾಗದಲ್ಲೇ ಕುಳಿತಿರಬೇಕು. ಲೇಸಿನ ಎರಡು ಅಂಚುಗಳ ನಡುವೆ ಕಿರುಬೆರಳಿನಷ್ಟು ಬಿರುಕು ಉಳಿದಿರಬೇಕು, ಏಕೆಂದರೆ ಒಳಗಿನ ಕಾರ್ಕ್ ಅದುಮಿಕೊಂಡು, ತೊಗಲು ಸ್ವಲ್ಪ ಹಿಗ್ಗಿ, ಕೆಲವು ತಿಂಗಳಲ್ಲಿ ಆ ಬಿರುಕು ಮುಚ್ಚಿಕೊಳ್ಳುತ್ತದೆ. ಮೊದಲ ದಿನವೇ ಅಂಚುಗಳು ಕೂಡಿಕೊಂಡರೆ ಆ ಶೂ ನಿಮ್ಮದಲ್ಲ. ಕಿರುಬೆರಳು ನೋಯುತ್ತಿದ್ದರೆ “ಹಾಕುತ್ತಾ ಹಾಕುತ್ತಾ ಸರಿಹೋಗುತ್ತದೆ” ಎಂಬ ಮಾತನ್ನು, ಯಾರೇ ಹೇಳಲಿ, ನಂಬಬೇಡಿ.

ಅಚ್ಚಿನ ಸಂಖ್ಯೆ, ಉದ್ದ, ಅಗಲ ಬರೆದಿಟ್ಟುಕೊಂಡರೆ ನಾರ್ಥಾಂಪ್ಟನ್ನಿನ ದಾರಿ ಸುಗಮ. ಯೂಸ್ಟನ್ ನಿಲ್ದಾಣದಿಂದ ಸುಮಾರು ಒಂದು ಗಂಟೆಯ ಪ್ರಯಾಣ. ಅಲ್ಲಿ ಕಾರ್ಖಾನೆಗೆ ಹೊಂದಿಕೊಂಡೇ ಇರುವ ಅಂಗಡಿಗಳಲ್ಲಿ, ಕಂಪನಿಯವರೇ ಸಣ್ಣ ಕುಂದು ಕಂಡು ಪಕ್ಕಕ್ಕಿಟ್ಟ ‘ಸೆಕೆಂಡ್ಸ್’ ಜೋಡಿಗಳು ಗಮನಾರ್ಹವಾಗಿ ಕಡಿಮೆ ಬೆಲೆಗೆ ಸಿಗುತ್ತವೆ. ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ, ಹಿಮ್ಮಡಿಯ ಬಳಿ ಒಂದು ಗೀರು ಇಂಥವನ್ನು ಒಪ್ಪಿಕೊಳ್ಳಬಹುದು. ಎರಡು ಶೂಗಳನ್ನು ಹಿಮ್ಮಡಿಗೆ ಹಿಮ್ಮಡಿ ತಾಗಿಸಿ ಮೇಜಿನ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಎತ್ತರ ಸರಿಸಮವಿದೆಯೇ, ಬೆರಳು ಮಡಚುವ ಜಾಗದಲ್ಲಿ ತೊಗಲು ಸಡಿಲವಾಗಿ ಸುಕ್ಕುಗಟ್ಟುತ್ತದೆಯೇ ಎಂದು ನೋಡಿ; ಅಲ್ಲಿ ದೋಷವಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಶೂಗಳ ಬಹುದೊಡ್ಡ ಸಂಗ್ರಹವಿದೆ, ಹೋದವರು ನೋಡಿಕೊಂಡೇ ಬನ್ನಿ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ತೊಗಲಿನ ಅಟ್ಟೆ ಆಷಾಢದ ಮಳೆಗೆ ನಿಲ್ಲುವುದಿಲ್ಲ. ಲೆಸ್ಟರ್‌ಶೈರಿನ ಮಾರ್ಕೆಟ್ ಹಾರ್ಬರೊದಲ್ಲಿ ತಯಾರಾಗುವ, ಸಣ್ಣ ದುಂಡು ಗುಬುಟುಗಳಿರುವ ಡೈನೈಟ್ ರಬ್ಬರ್ ಅಟ್ಟೆಯ ಜೋಡಿಯನ್ನೇ ಕೇಳಿ. ಹಾಕಿಕೊಳ್ಳದಾಗ ಶೂ ಒಳಗೆ ತುರುಕಿಡುವ, ಪಾದದ ಆಕಾರದ ದೇವದಾರು ಮರದ ಶೂ ಟ್ರೀಯನ್ನೂ ಜೊತೆಗೇ ಕೊಳ್ಳಿ. ಅದು ಒಳಗಿನ ತೇವ ಹೀರಿಕೊಂಡು ಆಕಾರ ಉಳಿಸುತ್ತದೆ.

ತೆರಿಗೆ ವಾಪಸು ಸಿಗುತ್ತದೆಂಬ ಲೆಕ್ಕ ಹಾಕಿಕೊಂಡು ಬರಬೇಡಿ. ಪ್ರವಾಸಿಗರಿಗೆ 20 ಶೇಕಡಾ ವ್ಯಾಟ್ ಮರಳಿಸುತ್ತಿದ್ದ ಏರ್ಪಾಟು ಗ್ರೇಟ್ ಬ್ರಿಟನ್ನಿನಲ್ಲಿ 2021ರ ಜನವರಿ 1ರಿಂದ ನಿಂತುಹೋಗಿದೆ. ಹಣ ಉಳಿಸುವ ದಾರಿಯೆಂದರೆ ಕಾರ್ಖಾನೆ ಅಂಗಡಿ, ಇಲ್ಲವೇ ಕ್ರಿಸ್ಮಸ್ ಕಳೆದ ಮೇಲಿನ ಹಾಗೂ ಬೇಸಿಗೆಯ ರಿಯಾಯಿತಿ ಮಾರಾಟ. ಅಟ್ಟೆ ಸವೆದ ಮೇಲೆ ಹೆಚ್ಚಿನ ಕಂಪನಿಗಳು ಶೂವನ್ನು ಹುಟ್ಟಿದ ಅಚ್ಚಿಗೇ ಮತ್ತೆ ಏರಿಸಿ ಹೊಸ ಅಟ್ಟೆ ಹಾಕಿಕೊಡುತ್ತವೆ. ಆ ಕೆಲಸಕ್ಕೆ ವಾರಗಳೇ ಹಿಡಿಯುವುದರಿಂದ, ಇಲ್ಲಿಗೆ ಬರುವವರ ಕೈಯಲ್ಲಿ ಕಳುಹಿಸಿ, ಅವರ ನಂತರ ಊರಿಗೆ ಹೊರಡುವವರ ಕೈಯಲ್ಲಿ ತರಿಸಿಕೊಳ್ಳಿ.