ಕ್ಲೀನ್ ಟೋನ್ ಬೇಕಾ? ಆಂಪ್ ವಾಲ್ಯೂಮ್ ಏರಿಸಿ

14 ಸೆಪ್ಟೆಂಬರ್ 2024, ಶನಿವಾರ

ಗಿಟಾರ್ ಆಂಪ್ಲಿಫೈಯರ್‌ಗಳ (ಆಂಪ್) ಸದ್ದನ್ನು ಡಿಜಿಟಲ್ಲಾಗಿ ಅನುಕರಿಸುವ ನನ್ನ ಮಾಡೆಲರ್‌ನಲ್ಲಿದ್ದ ಕ್ಲೀನ್ (ಒಡಕಿಲ್ಲದ, ತಿಳಿ ಸದ್ದಿನ) ಪ್ರೀಸೆಟ್‌ಗಳನ್ನೆಲ್ಲ, ಅಂದ್ರೆ ಉಳಿಸಿಟ್ಟ ಹೊಂದಾಣಿಕೆಗಳನ್ನೆಲ್ಲ, ಇವತ್ತು ಅಳಿಸಿಹಾಕಿದೆ. ಎಲ್ಲದರದ್ದೂ ಒಂದೇ ಕಥೆ. ಗೇನ್ ತೀರಾ ಕೆಳಗೆ, ಆಂಪ್‌ಗಿಂತ ಮುಂಚೆ ಕಂಪ್ರೆಸರ್ (ಜೋರು, ಮೆಲು ಸದ್ದುಗಳ ಅಂತರ ತಗ್ಗಿಸುವ ಎಫೆಕ್ಟ್), ಆಮೇಲೆ ಧಾರಾಳ ಕೋರಸ್ಸು, ರಿವರ್ಬು. ಮೊದಲ ಸಲ ಕೇಳೋಕೆ ಚೆಂದವೇ. ಆದರೆ ತಂತಿಯನ್ನು ಮೆಲ್ಲಗೆ ಮುಟ್ಟಿದರೂ ಅದೇ ಸದ್ದು, ಬೀಸಿ ಹೊಡೆದರೂ ಅದೇ ಸದ್ದು. ಕೈ ಮಾತು ಕೇಳದ ಟೋನ್ ಇಟ್ಟುಕೊಂಡು ಏನು ಮಾಡೋದು?

ಖಾಲಿ ಪ್ರೀಸೆಟ್ ತೆರೆದು ಒಂದು ಆಂಪ್, ಒಂದು ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಮಾತ್ರ ಇಟ್ಟೆ. ಆಂಪ್ ಅಂದ್ರೆ ಫೆಂಡರ್ ಡಿಲಕ್ಸ್ ರಿವರ್ಬ್‌ನ ಮಾಡೆಲ್. ಅಸಲಿಯದ್ದು 22 ವ್ಯಾಟ್, ಎರಡು 6ವಿ6 ಪವರ್ ಟ್ಯೂಬ್. ವಾಲ್ಯೂಮ್ ಎರಡೂವರೆಯಲ್ಲಿ ಇಟ್ಟಾಗ ಸದ್ದು ಕ್ಲೀನೇನೋ ಹೌದು, ಆದರೆ ತೆಳು. ಮೇಲಿನ ತಂತಿಗಳು ಕಿವಿಗೆ ಚುಚ್ಚುತ್ತವೆ. ಇದಕ್ಕೆ ಕಾರಣ ಡಿಜಿಟಲ್ ಅಲ್ಲ. ಈ ಆಂಪ್‌ನ ವೈಬ್ರಾಟೊ ಚಾನೆಲ್‌ನಲ್ಲಿ ವಾಲ್ಯೂಮ್ ನಾಬ್‌ಗೆ ಅಡ್ಡಲಾಗಿ ಒಂದು ಪುಟ್ಟ ಕೆಪಾಸಿಟರ್ ಇದೆ, 47 ಪಿಕೋಫ್ಯಾರಡ್‌ನದು. ವಾಲ್ಯೂಮ್ ಕಮ್ಮಿ ಇದ್ದಷ್ಟೂ ಅದು ಟ್ರೆಬಲ್ಲನ್ನು ಜಾಸ್ತಿ ದಾಟಿಸುತ್ತದೆ, ನಾಬ್ ಏರಿದ ಹಾಗೆ ಅದರ ಪ್ರಭಾವ ಕರಗುತ್ತದೆ. ಒಳ್ಳೆಯ ಮಾಡೆಲ್ ಇದನ್ನೂ ಹಾಗೆಯೇ ಅನುಕರಿಸುತ್ತದೆ. ಟ್ರೆಬಲ್ ಇಳಿಸುತ್ತಾ ಕೂರುವ ಬದಲು ವಾಲ್ಯೂಮ್ ಏರಿಸಿದರೆ ಚುಚ್ಚುವುದು ತಾನಾಗಿ ನಿಲ್ಲುತ್ತದೆ.

ಐದಕ್ಕೆ ಏರಿಸಿದೆ. ಪಿಕ್‌ನಿಂದ ಬಲವಾಗಿ ಹೊಡೆದರೆ ಸದ್ದಿನ ಅಂಚು ಒಡೆಯುತ್ತಿತ್ತು. ಆಗ ಗಿಟಾರ್‌ನ ವಾಲ್ಯೂಮನ್ನು ಹತ್ತರಿಂದ ಆರೂವರೆಗೆ ಇಳಿಸಿದೆ. ಬಂತು! ಹೆಬ್ಬೆರಳಿನ ತುದಿಯಿಂದ ಮೀಟಿದರೆ ಗುಂಡಗಿನ, ಮೆತ್ತನೆಯ ಸ್ವರ. ಪಿಕ್ ಹಿಡಿದರೆ ಗಂಟೆಯಂಥ ನಾದ. ಇನ್ನೂ ಒತ್ತಿ ಹೊಡೆದರೆ ಸ್ವರದ ಶುರುವಲ್ಲಿ ಮಾತ್ರ ಒಂದು ಸಣ್ಣ ಗೊಗ್ಗರು, ಆಮೇಲೆ ಮತ್ತೆ ತಿಳಿ. ಜೋರಾಗಿ ಹೊಡೆದಾಗ ಪವರ್ ಸಪ್ಲೈನ ವೋಲ್ಟೇಜ್ ಒಂದು ಕ್ಷಣ ಕುಸಿದು ಮೇಲೇಳುತ್ತದೆ, ಅದಕ್ಕೇ ಸ್ವರ ಅದುಮಿಕೊಂಡು ಅರಳಿದ ಹಾಗೆ ಕೇಳುವುದು. ಮಾಡೆಲರ್‌ನಲ್ಲಿ ಇದಕ್ಕೆ ಸ್ಯಾಗ್ ಅನ್ನೋ ನಾಬೇ ಇರುತ್ತದೆ. ಸ್ವಲ್ಪ ಏರಿಸಿದೆ. ಕಂಪ್ರೆಸರ್ ಬೇಕು ಅಂತ ಅನಿಸಲೇ ಇಲ್ಲ.

ಆಂಪ್ ಐದರಲ್ಲಿದ್ದರೆ ಮನೆಯವರ ಗತಿ ಏನು ಅಂತೀರಾ? ಅದಕ್ಕೇ ಅಲ್ವಾ ಮಾಡೆಲರ್ ಇರೋದು. ಅದರ ಚಾನೆಲ್ ವಾಲ್ಯೂಮ್ (ಆಂಪ್ ದಾಟಿ ಬಂದ ಸದ್ದಿನ ನಾಬ್) ಇಳಿಸಿದರೆ ಸದ್ದು ಮಾತ್ರ ಇಳಿಯುತ್ತದೆ, ಟೋನ್ ಅಲ್ಲಾಡುವುದಿಲ್ಲ. ಆದರೆ ಮಾಸ್ಟರ್ ಬೇರೆ, ಅದು ಆಂಪ್‌ನ ಒಳಗಿನದ್ದು, ತಿರುಗಿಸಿದರೆ ಟೋನ್ ಕೂಡ ಬದಲಾಗುತ್ತದೆ. ಅದನ್ನು ಮುಟ್ಟಬೇಡಿ. ಅಸಲಿ ಡಿಲಕ್ಸ್ ರಿವರ್ಬ್‌ನಲ್ಲಿ ಮಾಸ್ಟರ್ ನಾಬೇ ಇರಲಿಲ್ಲ.

ರೋಲ್ಯಾಂಡ್ ಜೆಸಿ-120 ಮಾಡೆಲ್ ಇಷ್ಟಪಡುವವರಿಗೆ ಈ ಉಪಾಯ ನಡೆಯಲ್ಲ. ಅದು ಟ್ಯೂಬ್ ಇಲ್ಲದ ಆಂಪ್. ಕ್ಲೀನಾಗಿ ಉಳಿಯೋದೇ ಅದರ ಗುಣ, ಅಲ್ಲಿ ಏರಿಳಿತ ಪೂರ್ತಿ ಕೈಯಿಂದಲೇ ಬರಬೇಕು.

ಕಂಪ್ಯೂಟರ್‌ನಲ್ಲಿ ಪ್ಲಗಿನ್ (ಸಾಫ್ಟ್‌ವೇರ್ ರೂಪದ ಮಾಡೆಲರ್) ಬಳಸುವವರು ಇದೆಲ್ಲಕ್ಕಿಂತ ಮೊದಲು ಇನ್‌ಪುಟ್ ನೋಡಿಕೊಳ್ಳಬೇಕು. ಮೀಟರ್ ತುಂಬಿ ಕಾಣಲಿ ಅಂತ ಆಡಿಯೋ ಇಂಟರ್‌ಫೇಸ್‌ನ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಗೇನ್ ಏರಿಸುವುದು ರೆಕಾರ್ಡಿಂಗ್ ಮಾಡುವವರ ಹಳೇ ಚಾಳಿ. ಹಾಗೆ ಮಾಡಿದರೆ ಮಾಡೆಲ್‌ಗೆ ನಿಮ್ಮ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಗಿಟಾರ್ ಯಾವುದೋ ದೈತ್ಯ ಹಂಬಕರ್ (ಎರಡು ಸುರುಳಿಯ ಜೋರು ಪಿಕಪ್) ಥರ ಕಾಣುತ್ತದೆ. ಆಂಪ್‌ನ ಸದ್ದು ಬೇಗ ಒಡೆಯುತ್ತದೆ, ನೀವು ಅದರ ವಾಲ್ಯೂಮ್ ಇಳಿಸುತ್ತೀರಿ, ತೆಳು ಸದ್ದಿಗೆ ವಾಪಸ್. ಇನ್‌ಸ್ಟ್ರುಮೆಂಟ್ ಇನ್‌ಪುಟ್ ಆರಿಸಿ ಗೇನನ್ನು ಪೂರ್ತಿ ಕೆಳಗಿಡಿ. ಇಂಟರ್‌ಫೇಸ್‌ನ ಕೈಪಿಡಿಯಲ್ಲಿ ಗರಿಷ್ಠ ಇನ್‌ಪುಟ್ ಎಷ್ಟು ಡಿಬಿಯು (ಸಿಗ್ನಲ್ ಮಟ್ಟದ ಅಳತೆ) ಅಂತ ಕೊಟ್ಟಿರುತ್ತಾರೆ. ಪ್ಲಗಿನ್ ತಯಾರಿಸಿದವರು ಅದನ್ನು ಎಷ್ಟು ಡಿಬಿಯುಗೆ ಹೊಂದಿಸಿದ್ದೇವೆ ಅಂತ ಹೇಳಿದ್ದರೆ ಎರಡರ ವ್ಯತ್ಯಾಸವನ್ನು ಪ್ಲಗಿನ್‌ನ ಇನ್‌ಪುಟ್ ನಾಬ್‌ನಲ್ಲಿ ಸರಿದೂಗಿಸಿ. ಬೇಜಾರಿನ ಕೆಲಸ, ಆದರೆ ಒಳ್ಳೆಯ ಟೋನ್‌ನ ಅರ್ಧ ಗುಟ್ಟು ಇಲ್ಲೇ ಇದೆ.

ಸಂಜೆ ಹೆಡ್‌ಫೋನ್ ತೆಗೆದು ಸ್ಪೀಕರ್‌ನಲ್ಲಿ ಜೋರಾಗಿ ಕೇಳಿದೆ. ಬೇಸ್ ಗುಮ್ ಅನ್ನುತ್ತಿತ್ತು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಕಮ್ಮಿ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಬೇಸನ್ನು ನಾಲ್ಕರಿಂದ ಎರಡೂವರೆಗೆ ತಂದೆ, ಕ್ಯಾಬ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದೆ. ಬ್ಯಾಂಡ್ ಜೊತೆ ನುಡಿಸುವ ಪ್ರೀಸೆಟ್ಟನ್ನು ಬ್ಯಾಂಡಿನ ಸದ್ದಿನಲ್ಲೇ ಹೊಂದಿಸಬೇಕು, ಬೇರೆ ದಾರಿಯಿಲ್ಲ.

ಒಂದು ಕೊರತೆ ಉಳಿದಿದೆ. ಗಿಟಾರ್ ವಾಲ್ಯೂಮ್ ಐದಕ್ಕಿಂತ ಕೆಳಗೆ ಇಳಿದರೆ ಸದ್ದು ಮಂಕಾಗುತ್ತದೆ. ನಾಬ್‌ಗೆ ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದರೂ ಟ್ರೆಬಲ್ ಉಳಿಸುವ ಪುಟ್ಟ ಜೋಡಣೆ) ಬೆಸುಗೆ ಹಾಕಬೇಕು. ಕೆಪಾಸಿಟರ್ ಜೊತೆ ಒಂದು ರೆಸಿಸ್ಟರನ್ನೂ ಸೇರಿಸುತ್ತೇನೆ, ಇಲ್ಲದಿದ್ದರೆ ಕೆಳಗಿಳಿಸಿದಾಗ ಮತ್ತೆ ತೀರಾ ಚೂಪಾಗುತ್ತದೆ. ನಾಳೆ ಭಾನುವಾರ, ಸೋಲ್ಡರಿಂಗ್ ಐರನ್ ಹುಡುಕಬೇಕು.