ಸ್ಟೆಮ್ ಸೆಲ್ ಕೊಟ್ಟರೆ ಮಗುವಿನ ಶ್ವಾಸಕೋಶ ಸರಿಹೋಗುತ್ತಾ?

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಐಸಿಯುನಲ್ಲಿ ನನ್ನ ಕೆಲಸ. ಅಪ್ಪ ಅಮ್ಮಂದಿರು ಫೋನಿನಲ್ಲಿ ಏನಾದರೂ ಓದಿಕೊಂಡು ಬಂದು ಕೇಳುವ ಪ್ರಶ್ನೆ ಇದು. ಇವತ್ತಿಗೆ ನನ್ನ ಉತ್ತರ: ಹಾಗಂತ ಹೇಳಲು ಸಾಕಷ್ಟು ಆಧಾರ ಇಲ್ಲ.

25 ವಾರಕ್ಕೇ ಹುಟ್ಟಿದ ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ಗಾಳಿ ತುಂಬಿಕೊಳ್ಳುವ ಪುಟ್ಟ ಚೀಲಗಳು ಇನ್ನೂ ಮೂಡಿಯೇ ಇರುವುದಿಲ್ಲ. ಜೀವ ಉಳಿಸಲು ಕೊಡುವ ಆಕ್ಸಿಜನ್, ವೆಂಟಿಲೇಟರಿನ ಒತ್ತಡ, ಸೋಂಕು ಎಲ್ಲ ಸೇರಿ ಆ ಎಳೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ನಾವು ಬಿಪಿಡಿ (ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ) ಅನ್ನುವುದು ಇದಕ್ಕೇ. 1967ರಲ್ಲಿ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು ಇದನ್ನು ಮೊದಲು ವಿವರಿಸಿದರು.

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಅದು ಹೋಗಿ ಹೊಸ ಶ್ವಾಸಕೋಶ ಕಟ್ಟುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಹೆಚ್ಚಾಗಿ ಬಳಸುವುದು ಹೊಕ್ಕುಳಬಳ್ಳಿಯಿಂದ ಅಥವಾ ಅದರ ರಕ್ತದಿಂದ ಬೆಳೆಸಿದ, ಮೆಸೆಂಕೈಮಲ್ ಅನ್ನುವ ಬಗೆಯ ಮೂಲಕೋಶಗಳನ್ನು. ಅವು ಅಲ್ಲಿ ಜಾಸ್ತಿ ದಿನ ಉಳಿಯುವುದೂ ಇಲ್ಲ. ಇರುವಷ್ಟು ಹೊತ್ತು ಉರಿಯೂತ ತಗ್ಗಿಸುವ, ರಕ್ತನಾಳ ಬೆಳೆಯಲು ನೆರವಾಗುವ ಅಂಶಗಳನ್ನು ಬಿಡುತ್ತವೆ. ರಿಪೇರಿ ಮಾಡಿಕೊಳ್ಳಬೇಕಾದದ್ದು ಮಗುವಿನ ಶ್ವಾಸಕೋಶವೇ.

2009ರಲ್ಲಿ ಇಲಿಗಳ ಮೇಲೆ ಬಂದ ಫಲಿತಾಂಶ ನೋಡಿ ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 9 ಮಕ್ಕಳಿಗೆ ಉಸಿರಿನ ಕೊಳವೆಯ ಮೂಲಕ ಕೋಶಗಳನ್ನು ಕೊಟ್ಟರು, ಅದರ ವರದಿ 2014ರಲ್ಲಿ ಬಂತು. ಮಕ್ಕಳ ಮೈ ಅದನ್ನು ತಡೆದುಕೊಂಡಿತು. ಅಲ್ಲಿಯದೇ ತಂಡ 66 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅರ್ಧದಷ್ಟು ಮಕ್ಕಳಿಗೆ ಕೋಶ, ಉಳಿದವರಿಗೆ ಬರೀ ಸಲೈನ್. ಸಾವು ಅಥವಾ ಮಧ್ಯಮ ಇಲ್ಲವೇ ತೀವ್ರ ಬಿಪಿಡಿ, ಇವನ್ನೆಲ್ಲ ಸೇರಿಸಿ ನೋಡಿದರೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 23-24 ವಾರಕ್ಕೆ ಹುಟ್ಟಿದವರಲ್ಲಿ ಮಾತ್ರ ತೀವ್ರ ಬಿಪಿಡಿ ಕಡಿಮೆ ಇತ್ತು. ಅದು ತೀರಾ ಚಿಕ್ಕ ಗುಂಪು. ಅದನ್ನು ಓದಿದ ದಿನ ನನಗೂ ಖುಷಿಯಾಗಿತ್ತು, ಆದರೂ ಅಷ್ಟನ್ನೇ ನಂಬಿ ಯಾರ ಮಗುವಿಗೂ ಕೊಡಿಸಿ ಅನ್ನಲಾರೆ.

ನೋಂದಾಯಿತ ಪ್ರಯೋಗದಲ್ಲಿ ಸೇರಲು ಅವಕಾಶ ಸಿಕ್ಕರೆ ಕೂತು ಮಾತಾಡೋಣ. ಪ್ರಯೋಗದ ಹೊರಗೆ ಯಾರಾದರೂ ದುಡ್ಡು ತೆಗೆದುಕೊಂಡು ಕೊಡುತ್ತೇವೆ ಅಂದರೆ ದಯವಿಟ್ಟು ಬೇಡ.

ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್, ಹುಟ್ಟಿದ ಮೇಲೆ ಸರ್ಫ್ಯಾಕ್ಟಂಟ್ (ಶ್ವಾಸಕೋಶ ಮುದುಡಿಕೊಳ್ಳದಂತೆ ತಡೆಯುವ ಔಷಧಿ), ಉಸಿರಾಟ ನಿಲ್ಲದಂತೆ ಕೆಫೀನ್, ಆದಷ್ಟು ಬೇಗ ವೆಂಟಿಲೇಟರ್ ಬಿಡಿಸುವುದು, ಎದೆಹಾಲು. ಆಮೇಲೆ ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗಿಸಿ ಮಲಗಿಸುವುದು. ಮೊದಲ ಸಲ ಹಾಗೆ ಮಲಗಿಸಿದಾಗ ತುಂಬಾ ತಾಯಂದಿರು ಉಸಿರು ಬಿಗಿಹಿಡಿದು ಮಾನಿಟರನ್ನೇ ನೋಡುತ್ತಿರುತ್ತಾರೆ. ನಾನು ಮೆತ್ತಗೆ ಅದನ್ನು ಆಚೆ ತಿರುಗಿಸುತ್ತೇನೆ. ಅದನ್ನು ನೋಡಿಕೊಳ್ಳಲು ನಾವಿದ್ದೇವೆ, ನೀವು ಮಗುವನ್ನು ನೋಡಿ ಅನ್ನುತ್ತೇನೆ.